ಅರ್ದಬೀಲಿನ ಕೈದಿಗಾಗಿ ಮೈಸೂರಿನಿಂದ ಬರೆದ ಕಾಗದಗಳು

ಜೈಲಿನಲ್ಲಿರುವ ಅಪರಿಚಿತ ಮನುಷ್ಯನ ಪರವಾಗಿ ಇನ್ನೊಂದು ದೇಶದ ನ್ಯಾಯಾಂಗದ ಮುಖ್ಯಸ್ಥರಿಗೆ ಕಾಗದ ಬರೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಒಂದು ಹಾಳೆ ಬರುತ್ತದೆ. ಯಾರು, ಯಾವ ಊರು, ಯಾವಾಗ ಹಿಡಿದರು, ಆರೋಪ ಏನು, ಈಗ ಯಾವ ಜೈಲು, ಆರೋಗ್ಯ ಹೇಗಿದೆ. ಅದರ ಕೆಳಗೆ ಏನೇನು ಕೇಳಬೇಕು ಅನ್ನೋದು ಕೆಲವು ಸಾಲು. ಆಮೇಲೆ ವಿಳಾಸ, ಸಂಬೋಧನೆ, ‘ಈ ತಾರೀಖಿನ ಒಳಗೆ ಕಳಿಸಿ’ ಎಂಬ ಸೂಚನೆ. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನವರು ಇದಕ್ಕೆ ಅರ್ಜೆಂಟ್ ಆಕ್ಷನ್ ಅನ್ನುತ್ತಾರೆ. 1973ರಲ್ಲಿ ಬ್ರೆಜಿಲ್‌ನ ಒಬ್ಬ ಪ್ರೊಫೆಸರ್ ಸಲುವಾಗಿ ಇದು ಶುರುವಾಯಿತು. ನಾವು ಮೈಸೂರಿನಲ್ಲಿ ಕೆಲವು ಮೇಷ್ಟ್ರುಗಳು, ಒಂದಿಬ್ಬರು ಲಾಯರ್‌ಗಳು, ಕಾಲೇಜು ಹುಡುಗರು ಸೇರಿ ಭಾನುವಾರಗಳಲ್ಲಿ ಇಂಥ ಕಾಗದ ಬರೆಯುತ್ತಿದ್ದೆವು. ಹೊಸದಾಗಿ ಬಂದವರಿಗೆ ಹೇಳುತ್ತಿದ್ದದ್ದು ಇಷ್ಟೇ: ಚಿಕ್ಕದಾಗಿ ಬರೆಯಿರಿ, ಮರ್ಯಾದೆಯಿಂದ ಬರೆಯಿರಿ, ರಾಜಕೀಯ ಭಾಷಣ ಬೇಡ.

ಅಬ್ಬಾಸ್ ಲಿಸಾನಿ ಎಂಬ ಹೆಸರು ನನ್ನ ಕೈಗೆ ಬಂದದ್ದು 2006ರಲ್ಲಿ. ಊರು ಅರ್ದಬೀಲ್, ವಾಯವ್ಯ ಇರಾನ್. ಕಸುಬು ಮಾಂಸದಂಗಡಿ. ಇರಾನ್ ಕೈದಿ ಅಂದರೆ ನನ್ನ ತಲೆಯಲ್ಲಿದ್ದದ್ದು ಟೆಹರಾನಿನ ಪತ್ರಕರ್ತರು, ವಿದ್ಯಾರ್ಥಿಗಳು, ಲೇಖಕರು. ಇವನ್ಯಾರಪ್ಪ ಮಾಂಸ ಮಾರುವವನು ಅನ್ನಿಸಿತು. ಹಾಳೆ ಓದುತ್ತಾ ಹೋದೆ. ಈತ ಅಜೆರ್ಬೈಜಾನಿ ಜನರ ಹಕ್ಕಿಗಾಗಿ ಓಡಾಡುವವನು. ಮುಖ್ಯ ಬೇಡಿಕೆ ಏನಪ್ಪಾ ಅಂದರೆ, ನಮ್ಮ ಮಕ್ಕಳಿಗೆ ಶಾಲೆಯಲ್ಲಿ ನಮ್ಮ ಮಾತು ಕಲಿಸಿ.

ಆ ಹಾಳೆಯಲ್ಲಿ ಇದ್ದದ್ದು ಅದೇ ವರ್ಷದ ಮೇ ತಿಂಗಳ ಕಥೆ. ಸರ್ಕಾರದ್ದೇ ಆದ ‘ಇರಾನ್’ ಪತ್ರಿಕೆಯ ಶುಕ್ರವಾರದ ಪುರವಣಿಯಲ್ಲಿ ಮೇ 12ರಂದು ಒಂದು ವ್ಯಂಗ್ಯಚಿತ್ರ ಬಂತು. ಅದರಲ್ಲಿ ಒಂದು ಜಿರಲೆ ಅಜೆರ್ಬೈಜಾನಿ ಮಾತಿನಲ್ಲಿ ‘ಏನು?’ ಅಂತ ಕೇಳುತ್ತದೆ. ಚಿತ್ರ ಬರೆದ ಮಾನಾ ನೆಯೆಸ್ತಾನಿ ಅವಮಾನ ಮಾಡುವ ಉದ್ದೇಶವೇ ಇರಲಿಲ್ಲ ಎಂದರು. ಅವರನ್ನೂ ಸಂಪಾದಕರನ್ನೂ ಜೈಲಿಗೆ ಹಾಕಿದರು, ಪತ್ರಿಕೆ ಮುಚ್ಚಿಸಿದರು. ಅಷ್ಟರಲ್ಲಿ ತಬ್ರೀಜ್, ಉರ್ಮಿಯಾ, ಅರ್ದಬೀಲ್, ನಗದೆ, ಎಲ್ಲ ಕಡೆ ಜನ ಬೀದಿಗೆ ಬಂದಿದ್ದರು. ನಗದೆಯಲ್ಲಿ ನಾಲ್ವರು ಸತ್ತಿದ್ದನ್ನು ಅಧಿಕಾರಿಗಳೇ ಒಪ್ಪಿಕೊಂಡರು. ನೂರಾರು ಜನರನ್ನು ಹಿಡಿದರು. ಲಿಸಾನಿ ಆ ನೂರಾರು ಜನರಲ್ಲಿ ಒಬ್ಬ.

ಒಂದು ಕಾರ್ಟೂನಿಗೆ ಇಷ್ಟೆಲ್ಲಾ ಆಗುತ್ತದಾ? ನನಗೆ ನಂಬಿಕೆ ಬರಲಿಲ್ಲ. ಆಗ ಮೈಸೂರಿನಲ್ಲಿ ಇರಾನಿ ವಿದ್ಯಾರ್ಥಿಗಳು ತುಂಬಾ ಇದ್ದರು. ಬಾಡಿಗೆ ಮನೆ ಹುಡುಕುವವರಲ್ಲಿ ಅವರದ್ದೇ ದೊಡ್ಡ ಗುಂಪು ಅನ್ನಬಹುದಿತ್ತು. ನಮ್ಮ ಗುಂಪಿನ ಒಬ್ಬರಿಗೆ ಪರಿಚಯ ಇದ್ದ ವಿದ್ಯಾರ್ಥಿಯೊಬ್ಬ ಆ ಕಡೆಯವನೇ. ಹೆಸರು, ಓದುತ್ತಿದ್ದ ವಿಷಯ ಯಾವುದನ್ನೂ ಹೇಳುವುದಿಲ್ಲ. ಊರಿನಲ್ಲಿ ಅವನ ಮನೆಯವರಿದ್ದರು. ಅವನು ನಮ್ಮ ಸಭೆಗೆ ಬರಲೂ ಇಲ್ಲ. ಒಂದು ಸಂಜೆ ಚಹಾ ಕುಡಿಯಲು ಸಿಕ್ಕ, ಆಮೇಲೆ ಆಗಾಗ ಸಿಗುತ್ತಿದ್ದ.

ಅವನು ಮೊದಲು ತಿದ್ದಿದ್ದು ನನ್ನ ಭೂಗೋಳ. ಅಜೆರ್ಬೈಜಾನ್ ಅಂದರೆ ನಾನು ಬಾಕು ರಾಜಧಾನಿಯಾಗಿರುವ ದೇಶ ಎಂದುಕೊಂಡಿದ್ದೆ. ಅರಾಸ್ ನದಿಯ ಉತ್ತರಕ್ಕೆ ಇರುವುದು ಆ ದೇಶ. 1813ರ ಗುಲಿಸ್ತಾನ್ ಒಪ್ಪಂದ, 1828ರ ತುರ್ಕ್‌ಮೆಂಚಾಯ್ ಒಪ್ಪಂದ, ಈ ಎರಡರಲ್ಲಿ ಆ ಭಾಗ ರಷ್ಯಾಕ್ಕೆ ಹೋಯಿತು. ದಕ್ಷಿಣದ ಭಾಗ ಇರಾನಿನಲ್ಲೇ ಉಳಿಯಿತು. ಅಲ್ಲಿ ಈ ಮಾತಾಡುವವರು ಕೋಟಿಗೂ ಜಾಸ್ತಿ. ಹೊರಗಿನವರು ಅಜೆರಿ ಎಂದರೂ ಅವರು ತಮ್ಮನ್ನು ತುರ್ಕ್ ಎಂದೇ ಕರೆದುಕೊಳ್ಳುತ್ತಾರೆ. ದೇಶದ ಅತಿ ದೊಡ್ಡ ಅಲ್ಪಸಂಖ್ಯಾತರು. ಬಜಾರಿನಲ್ಲಿ, ಸೈನ್ಯದಲ್ಲಿ, ಸರ್ಕಾರದಲ್ಲಿ ಎಲ್ಲೆಲ್ಲೂ ಇದ್ದಾರೆ. ಶಾಲೆಯಲ್ಲಿ ಮಾತ್ರ ಅವರ ಮಾತಿಲ್ಲ.

ಒಂದೇ ಒಂದು ವರ್ಷ ಇತ್ತು, ಅಂತ ಅವನು ಹೇಳಿದ. 1945ರ ಕೊನೆಯಲ್ಲಿ ತಬ್ರೀಜಿನಲ್ಲಿ ಪಿಶೆವರಿ ಎಂಬ ನಾಯಕನ ಸರ್ಕಾರ ಬಂತು. ಸೋವಿಯತ್ ಸೈನ್ಯದ ಬಲದಲ್ಲಿ ನಿಂತಿದ್ದ ಸರ್ಕಾರ ಅದು. ಆಗ ಅಜೆರ್ಬೈಜಾನಿ ಆಡಳಿತ ಭಾಷೆಯಾಯಿತು, ಪಠ್ಯಪುಸ್ತಕ ಬಂದವು. 1946ರ ಡಿಸೆಂಬರಿನಲ್ಲಿ ಟೆಹರಾನಿನ ಸೈನ್ಯ ಬಂತು. ಆ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಅಂದಿನಿಂದ ಅಲ್ಲಿ ಮಾತೃಭಾಷೆ ಎಂದು ಯಾರಾದರೂ ಬಾಯಿ ತೆಗೆದರೆ ಟೆಹರಾನಿಗೆ ಕೇಳಿಸುವುದು ‘ದೇಶ ಒಡೆಯುತ್ತಾರೆ’ ಅಂತಲೇ. ಷಾ ಹೋದರು, ಆಯತುಲ್ಲಾಗಳು ಬಂದರು, ಈ ಒಂದು ಭಯ ಮಾತ್ರ ಹಾಗೇ ಕೈಬದಲಾಯಿತು.

ತಮಾಷೆ ಅಂದರೆ, ಇವರು ಕೇಳುತ್ತಿರುವುದು ಇರಾನಿನ ಸಂವಿಧಾನದಲ್ಲೇ ಇದೆ. 15ನೇ ವಿಧಿ. ಪರ್ಷಿಯನ್ (ಫಾರ್ಸಿ) ಅಧಿಕೃತ ಭಾಷೆ. ಆದರೆ ಪ್ರಾದೇಶಿಕ ಭಾಷೆಗಳನ್ನು ಪತ್ರಿಕೆಗಳಲ್ಲಿ ಬಳಸಬಹುದು, ಅವುಗಳ ಸಾಹಿತ್ಯವನ್ನು ಶಾಲೆಯಲ್ಲಿ ಪರ್ಷಿಯನ್ ಜೊತೆಗೆ ಕಲಿಸಬಹುದು. 19ನೇ ವಿಧಿ ಭಾಷೆ, ಬಣ್ಣ, ಕುಲದ ಭೇದ ಇಲ್ಲ ಅನ್ನುತ್ತದೆ. 38ನೇ ವಿಧಿ ಚಿತ್ರಹಿಂಸೆ ನಿಷಿದ್ಧ ಅನ್ನುತ್ತದೆ. ನಾನು ಬರೆದ ಕಾಗದಗಳಲ್ಲೆಲ್ಲಾ ಈ ಮೂರು ನಂಬರು ಇರುತ್ತಿದ್ದವು. ಬೇರೆ ದೇಶದ ಕಾನೂನು ತಂದು ಅವರ ಮುಂದೆ ಇಡಬೇಕಾಗಿಯೇ ಇರಲಿಲ್ಲ. ಆದರೂ ಒಂದು ಸಾಲು ಸೇರಿಸುತ್ತಿದ್ದೆ: ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಇರಾನ್ 1975ರಲ್ಲೇ ಒಪ್ಪಿಕೊಂಡಿದೆ, ಅದರ 27ನೇ ವಿಧಿಯಲ್ಲಿ ಅಲ್ಪಸಂಖ್ಯಾತರ ಭಾಷೆಯ ಮಾತು ಬರುತ್ತದೆ.

ಮೊದಮೊದಲು ನನ್ನ ಕಾಗದಗಳೆಲ್ಲ ‘ಕೂಡಲೇ ಬಿಡುಗಡೆ ಮಾಡಿ’ ಎಂದೇ ಶುರುವಾಗುತ್ತಿದ್ದವು. ಆ ವಿದ್ಯಾರ್ಥಿ ಒಂದನ್ನು ಓದಿ ನಕ್ಕ. ‘ಇದನ್ನು ಓದೋ ಗುಮಾಸ್ತ ಯಾರನ್ನೂ ಬಿಡೋಕಾಗಲ್ಲ. ಡಾಕ್ಟರ ಹತ್ತಿರ ಕಳಿಸೋ ಚೀಟಿಗೆ ಸಹಿ ಹಾಕಿಸಬಹುದು. ಅದನ್ನ ಮೇಲೆ ಬರೀರಿ’ ಅಂದ. ಆ ಮಾತನ್ನು ನಾನು ತುಂಬಾ ವರ್ಷ ಪಾಲಿಸಿದೆ.

ಅದು ಯಾಕೆ ಸರಿ ಅನ್ನೋದು ಗೊತ್ತಾದದ್ದು ಸಯೀದ್ ಮತಿನ್‌ಪುರ್ ಹಾಳೆ ಬಂದಾಗ. ಜಂಜಾನ್ ಊರಿನ ಪತ್ರಕರ್ತ. 2007ರ ಮೇ ತಿಂಗಳಲ್ಲಿ ಹಿಡಿದರು. ಸುಮಾರು ಒಂಬತ್ತು ತಿಂಗಳು ಇಟ್ಟುಕೊಂಡು, ಜಾಮೀನಿನ ಮೇಲೆ ಬಿಟ್ಟರು. 2008ರಲ್ಲಿ ಭದ್ರತೆಯ ಪ್ರಕರಣಗಳನ್ನು ನೋಡುವ ಟೆಹರಾನಿನ ಕ್ರಾಂತಿ ನ್ಯಾಯಾಲಯ ಎಂಟು ವರ್ಷ ಶಿಕ್ಷೆ ಕೊಟ್ಟಿತು. ವಿದೇಶಿಯರ ಜೊತೆ ಸಂಬಂಧ, ವ್ಯವಸ್ಥೆಯ ವಿರುದ್ಧ ಪ್ರಚಾರ, ಇವು ಆರೋಪ. 2009ರ ಜುಲೈನಲ್ಲಿ ಮತ್ತೆ ಒಳಗೆ. ಟೆಹರಾನಿನ ಎವಿನ್ ಜೈಲು.

ಮತಿನ್‌ಪುರ್‌ಗೆ ಬೆನ್ನುನೋವು. ಹಾಳೆಯ ಮೇಲೆ ಹಾಳೆ ಬಂದರೂ ಅದೇ ವಿಷಯ. ನೋವು ಜಾಸ್ತಿಯಾಗಿದೆ, ಹೊರಗಿನ ತಜ್ಞರಿಗೆ ತೋರಿಸಬೇಕು, ಚಿಕಿತ್ಸೆಗೆ ರಜೆ ಕೇಳಿದ್ದಾರೆ, ಕೊಟ್ಟಿಲ್ಲ. ಇರಾನಿನ ಜೈಲು ನಿಯಮದಲ್ಲಿ ಕೈದಿಗೆ ರಜೆ ಅಂತ ಒಂದಿದೆ, ಮನೆಗೆ ಹೋಗಿ ಬರಬಹುದು. ಕಳ್ಳನಿಗೆ, ಮೋಸಗಾರನಿಗೆ ಸಿಗುವ ಆ ರಜೆ ಇಂಥವರಿಗೆ ಬಂದಾಗ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಒಬ್ಬರು ವೈದ್ಯರ ವರದಿ ಬೇಕು ಅನ್ನುತ್ತಾರೆ. ಇನ್ನೊಬ್ಬರು ಗುಪ್ತಚರ ಸಚಿವಾಲಯ ಒಪ್ಪಬೇಕು ಅನ್ನುತ್ತಾರೆ. ಅಷ್ಟರಲ್ಲಿ ವರ್ಷ ಕಳೆಯುತ್ತದೆ.

ಹಿಂಸೆ ಅಂದಾಗ ನಾವು ಹೊಡೆತ ಬಡಿತವನ್ನೇ ನೆನೆಯುತ್ತೇವೆ ಅಲ್ವಾ? ಅದೂ ಇತ್ತು. ವಿಚಾರಣೆಯ ಹೊತ್ತಿನಲ್ಲಿ ಕಣ್ಣಿಗೆ ಬಟ್ಟೆ, ವಾರಗಟ್ಟಲೆ ಒಂಟಿ ಕೋಣೆ, ವಕೀಲರಿಲ್ಲ, ಮನೆಗೆ ಸುದ್ದಿಯಿಲ್ಲ. ಎವಿನ್‌ನ 209ನೇ ವಿಭಾಗ ಗುಪ್ತಚರ ಸಚಿವಾಲಯದ್ದು; ಅಲ್ಲಿ ನಡೆಯುವುದು ಜೈಲಿನ ಅಧಿಕಾರಿಗಳಿಗೂ ಪೂರ್ತಿ ಗೊತ್ತಿರುವುದಿಲ್ಲ ಎಂದು ಆ ಹುಡುಗ ಹೇಳುತ್ತಿದ್ದ. ಆದರೆ ಹೊಡೆತ ಕೆಲವು ತಿಂಗಳು. ಆಮೇಲಿನ ವರ್ಷಗಳ ಹಿಂಸೆ ಎಲ್ಲಾ ಕಾಗದದ ಮೇಲೆಯೇ ನಡೆಯುತ್ತದೆ. ಡಾಕ್ಟರ್ ಚೀಟಿ ತಡ. ಫೋನ್ ಬಂದ್. ಭೇಟಿ ರದ್ದು. ಬೇರೆ ಜೈಲಿಗೆ ವರ್ಗ. ಯಾರೂ ಕೈ ಎತ್ತಿರುವುದಿಲ್ಲ, ಸುಮ್ನೆ ಒಂದು ಸಹಿ ಹಾಕಿರುವುದಿಲ್ಲ ಅಷ್ಟೆ. ನಮ್ಮ ಕಾಗದಗಳು ತಾಗಬೇಕಾದದ್ದು ಅಲ್ಲಿಗೆ.

2013ರ ಹಾಳೆ ಇದನ್ನೇ ಇನ್ನೂ ಚೆನ್ನಾಗಿ ತೋರಿಸಿತು. ಐದು ಜನ. ಮಹಮೂದ್ ಫಜ್ಲಿ, ಆಯತ್ ಮೆಹ್ರಲಿ ಬೇಗ್ಲು, ಶಹ್ರಾಮ್ ರಾದ್‌ಮೆಹರ್, ಲತೀಫ್ ಹಸನಿ, ಬೆಹಬೂದ್ ಗುಲಿಜಾದೆ. ಅಜೆರ್ಬೈಜಾನಿ ಗುರುತು ಮತ್ತು ಭಾಷೆಗಾಗಿ ಕೆಲಸ ಮಾಡುವ ಯೆನಿ ಗಾಮೊಹ್ ಎಂಬ ಗುಂಪಿನವರು. ತಬ್ರೀಜಿನ ಕ್ರಾಂತಿ ನ್ಯಾಯಾಲಯ ಐವರಿಗೂ ತಲಾ ಒಂಬತ್ತು ವರ್ಷ ಕೊಟ್ಟಿತು. ಕಾನೂನುಬಾಹಿರ ಗುಂಪು ಕಟ್ಟಿದ್ದು, ವ್ಯವಸ್ಥೆಯ ವಿರುದ್ಧ ಪ್ರಚಾರ. ಐದು ಜನ, ಐದು ಬದುಕು, ಒಂದೇ ಅಳತೆಯ ಶಿಕ್ಷೆ. ವಿಚಾರಣೆ ಸರಿಯಾಗಿ ನಡೆದಿಲ್ಲ ಎಂದು ಜುಲೈನಲ್ಲಿ ಅವರು ಉಪವಾಸ ಕೂತರು. ಜೈಲಿನವರು ಏನು ಮಾಡಿದರು? ಅವರನ್ನು ಕರಜ್ ಊರಿನ ರಜಾಯಿ ಶಹರ್ ಜೈಲಿಗೆ ಸಾಗಿಸಿದರು. ತಬ್ರೀಜಿನಿಂದ ಅದು ಐನೂರು ಕಿಲೋಮೀಟರಿಗೂ ದೂರ.

ವರ್ಗಾವಣೆ ಶಿಕ್ಷೆಯ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಶಿಕ್ಷೆ ಮನೆಯವರಿಗೆ. ಒಂದು ಭೇಟಿಗಾಗಿ ರಾತ್ರಿಯಿಡೀ ಬಸ್ಸು, ಇಡೀ ದಿನದ ಸಂಬಳ ಖೋತಾ, ಗಾಜಿನ ಆಚೆ ಕೆಲವು ನಿಮಿಷ. ಹೊಸ ಜಾಗದಲ್ಲಿ ಕೈದಿಗೆ ತನ್ನ ಮಾತಾಡುವವರು ಸಿಗುವುದೂ ಕಷ್ಟ. ಆ ವಾರ ನಮ್ಮ ಗುಂಪಿನವರು ಬರೆದ ಕಾಗದಗಳಲ್ಲಿ ಮೊದಲ ಬೇಡಿಕೆ, ಅವರವರ ಊರಿನ ಹತ್ತಿರದ ಜೈಲಿಗೆ ಕಳಿಸಿ. ಎರಡನೆಯದು, ಉಪವಾಸದಲ್ಲಿರುವವರಿಗೆ ವೈದ್ಯರ ನೆರವು ಕೊಡಿ. ಮೂರನೆಯದು ಬಿಡುಗಡೆ. ವಿಳಾಸದ ಮೇಲೆ ಆಗಿನ ನ್ಯಾಯಾಂಗ ಮುಖ್ಯಸ್ಥ ಸಾದಿಕ್ ಲಾರಿಜಾನಿ ಹೆಸರು.

ಒಂದು ವಿಷಯದಲ್ಲಿ ನಮ್ಮ ಗುಂಪಿನಲ್ಲೇ ಜಗಳ ಆಯಿತು. ಯೆನಿ ಗಾಮೊಹ್‌ನವರು ಸ್ವಯಂ ನಿರ್ಣಯದ ಹಕ್ಕು ಕೇಳುತ್ತಾರೆ, ಅಂದರೆ ಬೇರೆ ದೇಶ ಬೇಕು ಎನ್ನುವವರ ಪರ ನಾವು ಯಾಕೆ ಬರೆಯಬೇಕು ಎಂದು ಒಬ್ಬರು ಹಟ ಹಿಡಿದರು. ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ನನ್ನ ಉತ್ತರ ಇಷ್ಟಿತ್ತು: ಬಂದೂಕು ಹಿಡಿದಿದ್ದರೆ, ಹಿಂಸೆಗೆ ಕರೆ ಕೊಟ್ಟಿದ್ದರೆ ಈ ಹಾಳೆ ನಮ್ಮ ಕೈಗೆ ಬರುತ್ತಲೇ ಇರಲಿಲ್ಲ. ಅವರ ರಾಜಕೀಯ ನಾನು ಒಪ್ಪಬೇಕಿಲ್ಲ. ಬಾಯಿ ಮಾತಿಗೆ ಒಂಬತ್ತು ವರ್ಷ ಅನ್ನೋದನ್ನು ಒಪ್ಪುವುದಿಲ್ಲ. ಆತ ಆ ದಿನ ಬರೆಯಲಿಲ್ಲ. ಮುಂದಿನ ಸಭೆಗೆ ಬಂದರು, ಬೇರೆ ದೇಶದ ಕಾಗದ ಬರೆದರು.

ಹೊರಗಿನವರ ಪ್ರಶ್ನೆಗಳು ಬೇರೆ. ‘ನಮ್ಮೂರಲ್ಲಿ ಜೈಲಲ್ಲಿರೋರು ಕಾಣಲ್ವಾ?’ ಇದು ಎಲ್ಲರೂ ಕೇಳುವ ಪ್ರಶ್ನೆ. ತಮ್ಮ ದೇಶದ ಕೈದಿಗಳ ಪ್ರಕರಣ ಸದಸ್ಯರು ಹಿಡಿಯಬಾರದು ಎಂಬ ನಿಯಮ ಆಮ್ನೆಸ್ಟಿಯಲ್ಲಿ ಬಹಳ ಕಾಲ ಇತ್ತು, ಪಕ್ಷಪಾತ ಬರಬಾರದು ಅಂತ. ಅದು ಸಡಿಲವಾದ ಮೇಲೆ ಇಲ್ಲಿನ ವಿಷಯಗಳೂ ಬಂದವು. 2020ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಖಾತೆಗಳನ್ನು ತಡೆಹಿಡಿದ ಮೇಲೆ ಬೆಂಗಳೂರಿನಲ್ಲಿದ್ದ ಆಮ್ನೆಸ್ಟಿ ಇಂಡಿಯಾ ಕೆಲಸ ನಿಲ್ಲಿಸಿತು. ಪ್ರಶ್ನೆ ಕೇಳುತ್ತಿದ್ದವರಲ್ಲಿ ಕೆಲವರಿಗೆ ಅದರಿಂದ ಖುಷಿಯೂ ಆಯಿತು.

ಇನ್ನೊಂದು ಪ್ರಶ್ನೆ ಸ್ವಲ್ಪ ಓದಿಕೊಂಡವರದ್ದು. ‘ಖಮೇನಿಯ ತಂದೆಯೇ ಅಜೆರಿ ಮೂಲದವರು. ಇನ್ನೆಲ್ಲಿಯ ತಾರತಮ್ಯ?’ ನಿಜ. 2024ರಲ್ಲಿ ಅಧ್ಯಕ್ಷರಾದ ಮಸೂದ್ ಪೆಜೆಶ್ಕಿಯಾನ್ ಕೂಡ ಆ ಮಾತಾಡುವವರೇ, ತಬ್ರೀಜಿನ ಸಂಸದರಾಗಿದ್ದವರು. ವಿದ್ಯಾರ್ಥಿಯನ್ನು ನಾನು ಇದೇ ಕೇಳಿದ್ದೆ, ಪೆಜೆಶ್ಕಿಯಾನ್ ಕಾಲಕ್ಕೆ ಎಷ್ಟೋ ಮೊದಲು. ಅವನು ಹೇಳಿದ್ದು: ತುರ್ಕ್ ಆಗಿ ಹುಟ್ಟಿದವನು ಏನು ಬೇಕಾದರೂ ಆಗಬಹುದು. ತುರ್ಕ್ ಮಕ್ಕಳಿಗೆ ತುರ್ಕ್ ಶಾಲೆ ಬೇಕು ಅಂತ ನಾಲ್ಕು ಜನ ಸೇರಿಸಿದ ದಿನ ಅವನಿಗೆ ನಂಬರು ಹತ್ತುತ್ತದೆ. ಆ ನಂಬರುಗಳು ಇರಾನಿನ ದಂಡ ಸಂಹಿತೆಯವು. 500 ಎಂದರೆ ವ್ಯವಸ್ಥೆಯ ವಿರುದ್ಧ ಪ್ರಚಾರ, ಒಂದು ವರ್ಷದವರೆಗೆ. 610 ಎಂದರೆ ಸೇರಿ ಸಂಚು ಮಾಡುವುದು, ಐದು ವರ್ಷದವರೆಗೆ. 498 ಎಂದರೆ ಭದ್ರತೆ ಕೆಡಿಸಲು ಗುಂಪು ಕಟ್ಟುವುದು, ಹತ್ತು ವರ್ಷದವರೆಗೆ. ಹಾಳೆ ಬಂದ ಕೂಡಲೇ ನಾನು ಮೊದಲು ನೋಡುವುದು ಈ ಮೂರರಲ್ಲಿ ಯಾವುದು ಅಂತ.

ಗುಂಪು ಎಲ್ಲೆಲ್ಲಿ ಸೇರುತ್ತದೆ ಅನ್ನೋದು ನೋಡಿದರೆ ಆಶ್ಚರ್ಯವಾಗುತ್ತದೆ. ಕಲೇಬರ್ ಹತ್ತಿರ ಬೆಟ್ಟದ ಮೇಲೆ ಬಾಬಕ್ ಕೋಟೆ ಇದೆ. ಒಂಬತ್ತನೇ ಶತಮಾನದಲ್ಲಿ ಖಲೀಫರ ವಿರುದ್ಧ ಬಂಡೆದ್ದ ಬಾಬಕ್‌ನ ನೆನಪಿಗೆ ಜುಲೈ ಮೊದಲ ವಾರ ಜನ ಅಲ್ಲಿಗೆ ಹತ್ತುತ್ತಾರೆ. ಹಾಡು, ಕುಣಿತ. ಹೆಚ್ಚುಕಡಿಮೆ ಪ್ರತಿ ವರ್ಷ ಬಂಧನ. ಉರ್ಮಿಯಾ ಸರೋವರ ಒಣಗುತ್ತಿದೆ, ನೀರು ಬಿಡಿ ಎಂದು 2011ರ ಆಗಸ್ಟಿನಲ್ಲಿ ಬೀದಿಗಿಳಿದರು. ಬಂಧನ. ಫೆಬ್ರವರಿ 21, ಯುನೆಸ್ಕೋ ಘೋಷಿಸಿದ ಮಾತೃಭಾಷಾ ದಿನ. ಅದನ್ನು ಆಚರಿಸಿದ್ದಕ್ಕೆ ಅಲೀರೆಜಾ ಫರ್ಶಿ ಮತ್ತು ಜೊತೆಯವರಿಗೆ ಜೈಲು. ಫುಟ್‌ಬಾಲ್ ಸ್ಟೇಡಿಯಂ ಇನ್ನೊಂದು. ತಬ್ರೀಜಿನ ತ್ರಾಕ್ತೋರ್ ತಂಡ ಆಡುವಾಗ ಹತ್ತಾರು ಸಾವಿರ ಜನ ಒಟ್ಟಿಗೆ ‘ತುರ್ಕಿ ಮಾತಿನಲ್ಲಿ ಶಾಲೆ, ಎಲ್ಲರಿಗೂ ಆಗಬೇಕು’ ಎಂದು ಪ್ರಾಸಬದ್ಧವಾಗಿ ಕೂಗುತ್ತಾರೆ. ಆ ಹುಡುಗ ಫೋನಿನಲ್ಲಿ ಒಮ್ಮೆ ಅದನ್ನು ಕೇಳಿಸಿದ್ದ. ಅಷ್ಟು ಜನರನ್ನು ಹಿಡಿಯಲಾಗುವುದಿಲ್ಲ. ಸ್ಟೇಡಿಯಂ ಬಾಗಿಲಲ್ಲಿ ಕೆಲವರನ್ನು ಹಿಡಿಯುತ್ತಾರೆ.

ವಕೀಲರ ವಿಷಯವನ್ನೂ ಹೇಳಬೇಕು. 2015ರಲ್ಲಿ ಇರಾನಿನಲ್ಲಿ ಜಾರಿಗೆ ಬಂದ ಹೊಸ ಕ್ರಿಮಿನಲ್ ವಿಧಾನ ಸಂಹಿತೆಯ 48ನೇ ವಿಧಿಗೆ ಒಂದು ಟಿಪ್ಪಣಿ ಇದೆ. ರಾಷ್ಟ್ರೀಯ ಭದ್ರತೆಯ ಪ್ರಕರಣವಾದರೆ ತನಿಖೆಯ ಹಂತದಲ್ಲಿ ನ್ಯಾಯಾಂಗದ ಮುಖ್ಯಸ್ಥರು ಒಪ್ಪಿದ ವಕೀಲರನ್ನು ಮಾತ್ರ ಇಟ್ಟುಕೊಳ್ಳಬೇಕು. ಅಂದರೆ ತಪ್ಪೊಪ್ಪಿಗೆ ಬರೆಸಿಕೊಳ್ಳುವ ದಿನಗಳಲ್ಲಿ ನಿಮ್ಮ ಪಕ್ಕ ಕೂರುವವರು ಯಾರು ಅನ್ನೋದನ್ನೂ ಅವರೇ ಆರಿಸುತ್ತಾರೆ. ನಮ್ಮ ಗುಂಪಿನ ಲಾಯರ್ ಇದನ್ನು ಓದಿ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಆಮೇಲೆ ಕೂತು ಎಲ್ಲರಿಗಿಂತ ಉದ್ದದ ಕಾಗದ ಬರೆದರು, ಚಿಕ್ಕದಾಗಿ ಬರೆಯಿರಿ ಅನ್ನೋ ನಮ್ಮ ನಿಯಮ ಮುರಿದು.

ಉತ್ತರ ಬರುತ್ತದಾ? ನನಗೆ ಬಂದಿಲ್ಲ. ಕೆಲವು ಲಕೋಟೆ ತೆರೆಯದೆ ವಾಪಸ್ ಬಂದಿವೆ, ಮೇಲೆ ಓದಲಾಗದ ಠಸ್ಸೆ. ಫ್ಯಾಕ್ಸ್ ನಂಬರುಗಳು ಹಾಳೆಯಲ್ಲಿ ಇರುತ್ತಿದ್ದವು, ಹತ್ತು ಸಲ ಒತ್ತಿದರೂ ಹೋಗುತ್ತಿರಲಿಲ್ಲ. ಆಮೇಲೆ ವಿಳಾಸವೇ ಬದಲಾಯಿತು. ಜಿನೀವಾದಲ್ಲಿರುವ ಇರಾನಿನ ವಿಶ್ವಸಂಸ್ಥೆ ಕಚೇರಿಯ ಮೂಲಕ ಕಳಿಸಿ ಅಂದರು. ಮತಿನ್‌ಪುರ್ ವರ್ಷಗಳ ನಂತರ ಹೊರಬಂದರು. ಅದರಲ್ಲಿ ನಮ್ಮ ಕಾಗದದ ಪಾಲು ಇದೆ ಅಂತ ಹೇಳಿಕೊಳ್ಳುವುದು ಜಂಬವಾಗುತ್ತದೆ. ಇವರ ಬಗ್ಗೆ ಹೊರಗೆ ಜಾಸ್ತಿ ಬರೆಯುವವರಿಲ್ಲ. ಟೆಹರಾನಿನ ವಿರೋಧಿಗಳಲ್ಲೂ ಅನೇಕರಿಗೆ ಈ ಭಾಷೆಯ ಹೋರಾಟಗಾರರೆಂದರೆ ಇರಿಸುಮುರಿಸು. ದೇಶದ ಒಳಗೆ ಪ್ರತ್ಯೇಕತಾವಾದಿ ಎಂಬ ಪಟ್ಟ, ಹೊರಗಿನ ಮಾಧ್ಯಮದಲ್ಲಿ ಹೆಸರೇ ಇಲ್ಲ. ಅದಕ್ಕೇ ನಾನು ಈ ಹಾಳೆಗಳನ್ನು ಬೇರೆಯಾಗಿ ಎತ್ತಿಡುತ್ತಿದ್ದೆ.

2019ರಲ್ಲಿ ಮತ್ತೆ ಅಬ್ಬಾಸ್ ಲಿಸಾನಿಯ ಹಾಳೆ ಬಂತು. 2006ರಲ್ಲಿ ನಾನು ಬರೆದ ಕಾಗದ ಆಗಿನ ನ್ಯಾಯಾಂಗ ಮುಖ್ಯಸ್ಥ ಮಹಮೂದ್ ಹಾಶೆಮಿ ಶಾಹ್ರೂದಿಗೆ. ಅವರಾದ ಮೇಲೆ ಲಾರಿಜಾನಿ ಬಂದರು, ಹೋದರು. ಈ ಸಲ ಇದ್ದವರು ಇಬ್ರಾಹಿಂ ರಯಿಸಿ. ಸಂಬೋಧನೆ ಬದಲಾಯಿತು, ಕೈದಿಯ ಹೆಸರು ಅದೇ. ನಡುವಿನ ವರ್ಷಗಳಲ್ಲೂ ಆತ ಒಳಗೆ ಹೊರಗೆ ಹೋಗಿ ಬಂದಿದ್ದ, ಹಲವು ಸಲ ಉಪವಾಸ ಕೂತಿದ್ದ. ಈ ಸಲ ಮೊದಲ ನ್ಯಾಯಾಲಯ ಎಂಟು ವರ್ಷ ಕೊಟ್ಟಿತ್ತು. ಮೇಲ್ಮನವಿ ಹಾಕಿದರೆ ಶಿಕ್ಷೆ ಇಳಿಯಬೇಕು ಅಲ್ವಾ? ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹದಿನೈದು ವರ್ಷಕ್ಕೆ ಏರಿಸಿತು. ಅದು ಮುಗಿದ ಮೇಲೆ ಎರಡು ವರ್ಷ ಯಜ್ದ್‌ನಲ್ಲಿ ಗಡಿಪಾರು. ಅರ್ದಬೀಲ್ ಹಿಮ ಬೀಳುವ ಊರು, ಯಜ್ದ್ ದೇಶದ ನಡುವಿನ ಮರುಭೂಮಿಯ ಊರು.

ಕಾಗದಕ್ಕೆ ಕೂತೆ. ಅಷ್ಟು ವರ್ಷದ ಅಭ್ಯಾಸ: ಮೊದಲು ಡಾಕ್ಟರು, ಆಮೇಲೆ ಜೈಲು, ಕೊನೆಗೆ ಬಿಡುಗಡೆ. ಮೊದಲ ಸಾಲು ಬರೆದು ಹೊಡೆದುಹಾಕಿದೆ. ಹದಿನೈದು ವರ್ಷ ಎಂದು ಓದಿದ ಮೇಲೆ, ಬರೀ ಚಿಕಿತ್ಸೆ ಕೊಡಿ ಎಂದು ಶುರುಮಾಡಿದರೆ ಮಿಕ್ಕಿದ್ದಕ್ಕೆ ಒಪ್ಪಿಗೆ ಕೊಟ್ಟ ಹಾಗಾಗುತ್ತದೆ ಅನ್ನಿಸಿತು. ಆ ವಿದ್ಯಾರ್ಥಿ ಅಷ್ಟರಲ್ಲಿ ಓದು ಮುಗಿಸಿ ಹೋಗಿ ಎಷ್ಟೋ ಕಾಲವಾಗಿತ್ತು. ಇದ್ದಿದ್ದರೆ ವಾದ ಮಾಡುತ್ತಿದ್ದ, ಗುಮಾಸ್ತನ ಮಾತು ಎತ್ತುತ್ತಿದ್ದ. ನಾನು ಸಂವಿಧಾನದ 15ನೇ ವಿಧಿಯನ್ನು ಮೊದಲ ಪ್ಯಾರಾದಲ್ಲೇ ಪೂರ್ತಿ ಬರೆದೆ. ಅದರ ಕೆಳಗೆ, ಈತನ ಶಿಕ್ಷೆ ರದ್ದು ಮಾಡಿ, ಕೂಡಲೇ ಬಿಡಿ. ವಕೀಲರು, ವೈದ್ಯರು, ಮನೆಯವರ ಭೇಟಿ ಎಲ್ಲಾ ಅದರ ನಂತರ. ಈಗ ಬೇರೆಯವರ ಹಾಳೆ ಬಂದಾಗಲೂ ಇದೇ ಕ್ರಮದಲ್ಲಿ ಬರೆಯುತ್ತೇನೆ.